ಹಿತ್ತಲ ದಾಳಿಂಬೆ

ಶೀತದೇಶಗಳ ತೋಟಗಳ ವರ್ಣನೆಯನ್ನು ಓದಿದವರ ಮನಸ್ಸಿನಲ್ಲಿ ಒಂದು ಆಸೆ ಮೂಡುವುದು ಸಹಜ. ಆ ದೇಶಗಳಲ್ಲಿ ಮನೆಯ ಮುಂದೆ ನೆಡುವುದಕ್ಕೆಂದೇ ಆರಿಸಿಕೊಂಡ ಸಣ್ಣ ಮರಗಳುಂಟು. ಉತ್ತರ ಅಮೆರಿಕದ ಜೂನ್‌ಬೆರಿ ಅಂಥವುಗಳಲ್ಲೊಂದು. ವಸಂತದಲ್ಲಿ ಕೊಂಬೆಯ ತುಂಬ ಬಿಳಿಯ ಹೂ. ಬೇಸಗೆಯಲ್ಲಿ ನೇರಳೆ ಬಣ್ಣದ, ತಿನ್ನಲು ಹಿತವಾದ ಸಣ್ಣ ಹಣ್ಣು. ಶರತ್ಕಾಲ ಬಂತೆಂದರೆ ಎಲೆಯೆಲ್ಲ ಕಿತ್ತಳೆ ಮತ್ತು ಕೆಂಪು. ಹೂ, ಹಣ್ಣು, ಎಲೆಯ ಬಣ್ಣ, ಈ ಮೂರನ್ನೂ ಒಂದೇ ಗಿಡ ಮೂರು ಋತುಗಳಲ್ಲಿ ಕೊಡುವುದು. ಅಂಗಳವನ್ನೆಲ್ಲ ನುಂಗುವಷ್ಟು ಬೆಳೆಯದೆಯೂ ಇರುವುದು. ಇಂಥ ಗಿಡವೊಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮನೆಯಂಗಳದಲ್ಲಿಯೂ ಇರಬಾರದೇಕೆ ಎಂಬುದೇ ಈ ಹೊತ್ತಿನ ನಮ್ಮ ಪ್ರಶ್ನೆ.

ಜೂನ್‌ಬೆರಿಯನ್ನೇ ತರಿಸಿ ನೆಡುವುದರಿಂದ ಪ್ರಯೋಜನವಿಲ್ಲ. ವಾರಗಟ್ಟಲೆ ಕೊರೆಯುವ ಚಳಿ ತಗಲಿದ ಹೊರತು ಅದರ ಮೊಗ್ಗು ಕಣ್ಣು ತೆರೆಯದು. ನಮ್ಮ ಈ ಸೀಮೆಯಾದರೋ ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ವೈಶಾಖದಲ್ಲಿ ೪೦ ಡಿಗ್ರಿಯನ್ನು ದಾಟಿ ಕಾಯುವ ಒಣನಾಡು. ಒಂದು ಕಾಲಕ್ಕೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು, ೧೯೫೬ರಲ್ಲಿ ಕನ್ನಡನಾಡನ್ನು ಕೂಡಿಕೊಂಡು, ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಈ ಭಾಗದಲ್ಲಿ ಗಂಗಾವತಿಯ ಕಡೆಗೆ ಮಾತ್ರ ತುಂಗಭದ್ರೆಯ ಕಾಲುವೆಯ ನೀರು ಧಾರಾಳ. ಕುಷ್ಟಗಿ, ಯಲಬುರ್ಗಾಗಳು ಬಹುಮಟ್ಟಿಗೆ ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿದವು. ಇಂಥಲ್ಲಿ ಬದುಕಿ ಬಾಳಿ, ಮೇಲೆ ಹೇಳಿದ ಮೂರು ಗುಣಗಳನ್ನೂ ತೋರಬಲ್ಲ ಗಿಡವನ್ನು ಹುಡುಕಲು ನಾವು ಸಮುದ್ರವನ್ನು ದಾಟಬೇಕಾಗಿಲ್ಲ. ಅದು ನಮಗೆಲ್ಲರಿಗೂ ಚಿರಪರಿಚಿತವಾದ ದಾಳಿಂಬೆ.

ದಾಳಿಂಬೆಯನ್ನು ಹಣ್ಣಿನ ಗಿಡವೆಂದು ಎಲ್ಲರೂ ಬಲ್ಲರು. ಅಲಂಕಾರದ ಗಿಡವೆಂದು ಎಣಿಸುವವರು ಕಡಮೆ. ಒಮ್ಮೆ ಗಮನವಿಟ್ಟು ನೋಡಿದರೆ ಸಾಕು. ಎಳೆಯ ಚಿಗುರು ತಾಮ್ರದ ಬಣ್ಣದ್ದು. ಹೂವಿನ ಬುಡವು ಕೆಂಪು ಮೇಣದಿಂದ ಎರಕ ಹೊಯ್ದಂತೆ ದಪ್ಪನಾಗಿದ್ದರೆ, ಅದರೊಳಗಿನ ದಳಗಳು ಪೆಟ್ಟಿಗೆಯಲ್ಲಿ ಬಹುಕಾಲ ಮಡಿಸಿಟ್ಟ ರೇಷ್ಮೆಯಂತೆ ಸುಕ್ಕುಸುಕ್ಕಾಗಿ ತೆರೆದುಕೊಳ್ಳುವುವು. ಹೂ ಹೋದರೂ ಆ ದಪ್ಪ ಬುಡ ಬೀಳದೆ ಹಣ್ಣಿನ ನೆತ್ತಿಯ ಮೇಲೆ ಕಿರೀಟವಾಗಿ ನಿಲ್ಲುವುದು. ಸಸ್ಯಶಾಸ್ತ್ರಜ್ಞರು ಇದರ ಹೆಸರನ್ನು ಪ್ಯೂನಿಕ ಗ್ರನೇಟಮ್ ಎಂದಿಟ್ಟಿರುವರು. ಮೊದಲನೆಯ ಮಾತು ಕಾರ್ಥೇಜಿನವರನ್ನು ಸೂಚಿಸುವುದು. ರೋಮಿನವರು ಇದನ್ನು ಕಾರ್ಥೇಜಿನ ಸೇಬೆಂದು ಕರೆಯುತ್ತಿದ್ದರು. ಎರಡನೆಯ ಮಾತಿಗೆ ಕಾಳುಗಳುಳ್ಳದ್ದು ಎಂದರ್ಥ. ಗಿಡದ ತವರು ಇರಾನ್ ಮತ್ತು ಅದರ ನೆರೆಯ ಪ್ರದೇಶಗಳು. ಮೊದಲು ಇದನ್ನು ಪ್ರತ್ಯೇಕ ಕುಟುಂಬವೆಂದು ಎಣಿಸುತ್ತಿದ್ದರು. ಈಗ ನಮ್ಮ ಹೆಣ್ಣುಮಕ್ಕಳು ಕೈಗೆ ಹಚ್ಚಿಕೊಳ್ಳುವ ಮದರಂಗಿಯ ಕುಟುಂಬಕ್ಕೇ ಸೇರಿಸಿರುವರು. ಗಾತ್ರದಲ್ಲಿ ಎಷ್ಟು ದೊಡ್ಡದಾದರೂ ಶಾಸ್ತ್ರದ ಲೆಕ್ಕದಲ್ಲಿ ದಾಳಿಂಬೆಯ ಹಣ್ಣು ಬೆರಿಗಳ ಜಾತಿಯದೇ. ನಾವು ತಿನ್ನುವ ಭಾಗವು ರಸ ತುಂಬಿ ಉಬ್ಬಿದ ಬೀಜದ ಹೊದಿಕೆಯಲ್ಲದೆ ಬೇರೆಯಲ್ಲ.

ಹೂವೂ ಆಯಿತು, ಹಣ್ಣೂ ಆಯಿತು. ಶರತ್ಕಾಲದ ಬಣ್ಣವೆಲ್ಲಿ ಎಂದು ಕೇಳಬಹುದು. ಇರಾನಿನಲ್ಲಿ ಕೇಳಿದರೆ ಉತ್ತರ ಸುಲಭ. ಅಲ್ಲಿ ಚಳಿ ಇಳಿಯುತ್ತಲೇ ದಾಳಿಂಬೆಯ ಎಲೆಗಳೆಲ್ಲ ಹೊಂಬಣ್ಣಕ್ಕೆ ತಿರುಗಿ ಉದುರುವುವು. ಗಿಡವು ವಸಂತದವರೆಗೆ ಬೋಳಾಗಿ ಮಲಗುವುದು. ಎಲೆಯ ಹಸುರಿಗೆ ಕಾರಣವಾದ ಪತ್ರಹರಿತ್ತನ್ನು ಗಿಡವು ಆಗ ಒಡೆದು, ಅದರಲ್ಲಿದ್ದ ಸಾರವನ್ನು ಕಡ್ಡಿಗೂ ಬೇರಿಗೂ ಎಳೆದುಕೊಳ್ಳುವುದು. ಹಸುರು ಹೋದಮೇಲೆ, ಅದರ ಮರೆಯಲ್ಲಿ ಮೊದಲಿನಿಂದಲೂ ಇದ್ದ ಹಳದಿ ಹೊರಗೆ ಕಾಣುವುದು. ಶರತ್ಕಾಲದ ಬಣ್ಣವೆಂದರೆ, ಗಿಡವು ಮನೆಯ ಬಾಗಿಲನ್ನು ಮುಚ್ಚುವ ಮುನ್ನ ಪಾತ್ರೆಪದಾರ್ಥಗಳನ್ನು ಒಳಗೆ ಸೇರಿಸಿಕೊಳ್ಳುವ ಕೆಲಸ. ಅದು ವಿಶ್ರಾಂತಿಯ ಗುರುತು.

ಕೊಪ್ಪಳದಲ್ಲಿ ಅಂಥ ಚಳಿಯಿಲ್ಲ. ಆದುದರಿಂದ ಇಲ್ಲಿ ದಾಳಿಂಬೆಗೆ ತಾನಾಗಿ ಶರತ್ಕಾಲ ಬರುವುದಿಲ್ಲ. ನೀರು ಸಿಕ್ಕಷ್ಟು ಕಾಲವೂ ಅದು ಎಚ್ಚರವಾಗಿಯೇ ಇರುವುದು. ನಮ್ಮ ಮನೆಗಳಲ್ಲಿ ದಾಳಿಂಬೆಯನ್ನು ಬಚ್ಚಲ ನೀರು ಹರಿಯುವ ಕಡೆಗೆ ನೆಡುವ ರೂಢಿಯುಂಟಷ್ಟೆ. ಆ ಗಿಡದ ಅವಸ್ಥೆಯನ್ನು ಎಲ್ಲರೂ ಕಂಡೇ ಇರುವರು. ವರ್ಷದ ಹನ್ನೆರಡು ತಿಂಗಳೂ ಒಂದೆರಡು ಹೂ. ಅವುಗಳಲ್ಲಿ ಹೆಚ್ಚಿನವು ಉದುರಿಹೋಗುವುವು. ನಿಂತ ನಾಲ್ಕು ಕಾಯಿ ಹಣ್ಣಾಗುವ ಮುನ್ನವೇ ಬಿರಿಯುವುವು. ಬುಡದಿಂದ ಹತ್ತಾರು ಮಲುಕುಗಳೆದ್ದು ಗಿಡವು ಪೊದೆಯಾಗಿ ನಿಲ್ಲುವುದು. ಮನೆಯವರು ಗಿಡದ ಜಾತಿ ಕೆಟ್ಟದ್ದೆನ್ನುವರು. ತಪ್ಪು ಜಾತಿಯದಲ್ಲ. ಆ ಗಿಡಕ್ಕೆ ನಿದ್ದೆಯಿಲ್ಲ. ಈ ನಾಡಿನಲ್ಲಿ ದಾಳಿಂಬೆಯ ಶರತ್ಕಾಲವನ್ನು ಮನುಷ್ಯನೇ ತಂದುಕೊಡಬೇಕು. ದಾಳಿಂಬೆಯ ಕೃಷಿಯ ಗುಟ್ಟೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ದಖ್ಖಣದ ಬೆಳೆಗಾರರು ಇದನ್ನು ಬಹುಕಾಲದಿಂದ ಬಲ್ಲರು. ಕೆಲವು ವಾರ ನೀರನ್ನು ನಿಲ್ಲಿಸಿ, ಎಲೆ ಉದುರಿದ ಮೇಲೆ ಮತ್ತೆ ನೀರು ಕೊಟ್ಟು, ಗಿಡವೆಲ್ಲ ಒಮ್ಮೆಗೇ ಹೂಬಿಡುವಂತೆ ಮಾಡುವುದಕ್ಕೆ ಬಹಾರ್ ಹಿಡಿಯುವುದು ಎಂದು ಹೆಸರು. ಬಹಾರುಗಳು ಮೂರು. ಮಾವು ಹೂಬಿಡುವ ಕಾಲಕ್ಕೆ, ಎಂದರೆ ಜನವರಿ-ಫೆಬ್ರವರಿಗಳಲ್ಲಿ ಹೂ ಬಂದರೆ ಅಂಬೆ ಬಹಾರ್. ಮೃಗಶಿರಾ ಮಳೆಯೊಡನೆ ಜೂನ್-ಜುಲೈಗಳಲ್ಲಿ ಬಂದರೆ ಮೃಗ ಬಹಾರ್. ಹಸ್ತಾ ಮಳೆಯ ಸುಮಾರಿಗೆ ಸೆಪ್ಟೆಂಬರ್-ಅಕ್ಟೋಬರುಗಳಲ್ಲಿ ಬಂದರೆ ಹಸ್ತ ಬಹಾರ್. ಹೂವಿನಿಂದ ಹಣ್ಣಿಗೆ ಐದಾರು ತಿಂಗಳು ಬೇಕು. ಗಿಡಕ್ಕೆ ಈ ಮೂರರಲ್ಲಿ ಒಂದನ್ನು ಮಾತ್ರ ಕೊಡತಕ್ಕದ್ದು. ಎರಡನ್ನು ಬಯಸುವವನು ಎರಡನ್ನೂ ಕಳೆದುಕೊಳ್ಳುವನು.

ಇನ್ನು ನೆಡುವ ಕ್ರಮ. ಬೀಜದಿಂದ ಹುಟ್ಟಿದ ಗಿಡ ತಾಯಿಯ ಗುಣವನ್ನು ತಪ್ಪದೆ ತರುವುದಿಲ್ಲವಾದುದರಿಂದ, ಬಲಿತ ಕಡ್ಡಿಯಿಂದಲೋ ಗೂಟಿಯಿಂದಲೋ ಅಂಗಾಂಶ ಕೃಷಿಯಿಂದಲೋ ಬೆಳೆಸಿದ ಸಸಿಯನ್ನೇ ತರಬೇಕು. ತಳಿಗಳಲ್ಲಿ ಗಣೇಶ ಎಂಬುದು ಹಳೆಯದು. ಪುಣೆಯಲ್ಲಿ ಡಾಕ್ಟರ್ ಚೀಮಾ ಅವರು ೧೯೩೬ರಲ್ಲಿ ಆಳಂದಿಯ ದಾಳಿಂಬೆಯ ಸಸಿಗಳಿಂದ ಆರಿಸಿದ ಈ ತಳಿಯ ಬೀಜ ಮೃದು, ಕಾಳು ನಸುಗೆಂಪು. ಈಚಿನ ಭಗವಾ ತಳಿಯ ಸಿಪ್ಪೆಯೂ ಕಾಳೂ ಕಡುಗೆಂಪು. ಪೇಟೆಯಲ್ಲಿ ಹೆಚ್ಚಾಗಿ ಕಾಣುವುದು ಅದೇ. ನಮ್ಮ ನಾಡಿನದೇ ಆದ ಮಧುಗಿರಿ ಎಂಬ ತಳಿಯೂ ಉಂಟು. ಅಂಗಳವೇ ಇಲ್ಲದವರು ಗಿಡ್ಡ ಜಾತಿಯ ದಾಳಿಂಬೆಯನ್ನು ಕುಂಡದಲ್ಲಿಯೇ ಬೆಳೆಸಬಹುದು. ಅದರ ಕಾಯಿ ನಿಂಬೆಗಿಂತ ದೊಡ್ಡದಾಗದು, ಹೂವಿಗೆ ಮಾತ್ರ ಬಡತನವಿಲ್ಲ. ಅನೇಕ ಸುತ್ತು ದಳಗಳುಳ್ಳ ಮತ್ತೊಂದು ಜಾತಿಯುಂಟು. ಅದು ನೋಟಕ್ಕಷ್ಟೆ, ಹಣ್ಣಾಗುವುದಿಲ್ಲ. ಸಸಿ ಕೊಳ್ಳುವವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ದಿನವಿಡೀ ಬಿಸಿಲು ಬೀಳುವ ಜಾಗವನ್ನು ಆರಿಸಿ, ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ತೆಗೆದು ಕೆಲವು ದಿನ ಬಿಸಿಲಿಗೆ ಬಿಡಬೇಕು. ಅನಂತರ ಮೇಲ್ಮಣ್ಣು, ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದೆರಡು ಕಿಲೋ ಬೇವಿನ ಹಿಂಡಿಗಳನ್ನು ಬೆರಸಿ ತುಂಬಿ, ಮುಂಗಾರಿನ ಆರಂಭದಲ್ಲಿ ಸಸಿಯನ್ನು ನೆಡಬೇಕು. ಕುಷ್ಟಗಿ, ಯಲಬುರ್ಗಾಗಳ ಮಸಾರಿ ಭೂಮಿ ಇದಕ್ಕೆ ಬಹು ಒಪ್ಪಿಗೆಯಾದುದು. ಬಿದ್ದ ನೀರು ಅಲ್ಲಿ ನಿಲ್ಲುವುದಿಲ್ಲ. ಗಂಗಾವತಿಯ ಕಡೆ, ಬತ್ತದ ಗದ್ದೆಗಳ ನಡುವಣ ಎರೆಯ ನೆಲದಲ್ಲಿ ಎಚ್ಚರ ಬೇಕು. ದಾಳಿಂಬೆಯು ಸ್ವಲ್ಪ ಸವಳನ್ನು ಸಹಿಸೀತು. ಬೇರಿನ ಬಳಿ ನಿಂತ ನೀರನ್ನು ಸಹಿಸದು. ಅಲ್ಲಿ ಮೊಣಕಾಲೆತ್ತರದ ದಿಬ್ಬವನ್ನು ಮಾಡಿ ಅದರ ಮೇಲೆ ನೆಡಬೇಕು. ಬಚ್ಚಲ ಬದಿಯನ್ನಂತೂ ಬಿಡಲೇಬೇಕು, ಏಕೆಂದರೆ ಅಲ್ಲಿ ನೀರನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ.

ಬುಡದಿಂದ ಮೂರು ನಾಲ್ಕು ಕಾಂಡಗಳನ್ನು ಮಾತ್ರ ಉಳಿಸಿ, ಮಿಕ್ಕ ಮಲುಕುಗಳನ್ನು ಕಂಡ ಕಂಡಾಗ ತೆಗೆಯುತ್ತಿರಬೇಕು. ಒಂದೇ ಕಾಂಡದ ಮರವು ನೋಟಕ್ಕೆ ಚೆಲುವಾದರೂ ಆ ಕಾಂಡಕ್ಕೆ ಹುಳು ಬಿದ್ದರೆ ಮರವೇ ಹೋಯಿತು. ಮೊದಲ ಎರಡು ವರ್ಷ ಬಂದ ಹೂಗಳನ್ನು ಚಿವುಟಿಬಿಡುವುದು ಮೇಲು. ಮನೆಯ ಮಕ್ಕಳಿಗೆ ಇದು ಒಪ್ಪಿಗೆಯಾಗದಿರಬಹುದು. ಆದರೂ ಗಿಡವು ಮೊದಲು ತನ್ನ ಮೈಯನ್ನು ಕಟ್ಟಿಕೊಳ್ಳಬೇಕು.

ಮೂರನೆಯ ವರ್ಷದಿಂದ ಶರತ್ಕಾಲವನ್ನು ಕೊಡಬಹುದು. ತೋಟಗಾರರಲ್ಲಿ ಅನೇಕರು ಹಸ್ತ ಬಹಾರನ್ನು ಮೆಚ್ಚುವರು. ಹಾಗೆ ಮಾಡಿದರೆ ಕಾಯಿ ಬಲಿಯುವ ಕಾಲ ಮಳೆಯಿಲ್ಲದ್ದು. ಆದರೆ ಅದಕ್ಕಾಗಿ ಮಳೆಗಾಲದ ನಡುವೆಯೇ ಗಿಡವನ್ನು ಒಣಗಿಸಬೇಕು. ಈ ಸೀಮೆಯಲ್ಲಿ ಮಳೆ ಹೆಚ್ಚಾಗಿ ಸುರಿಯುವುದೇ ಸೆಪ್ಟೆಂಬರಿನಲ್ಲಿ. ಒಂದೆರಡು ಗಿಡಗಳನ್ನಿಟ್ಟುಕೊಂಡ ಮನೆಯವರಿಗೆ ಅಂಬೆ ಬಹಾರೇ ಸುಲಭವೆಂದು ನಮ್ಮ ಅಭಿಪ್ರಾಯ. ಆ ಕಾಲದ ಒಣಹವೆಯೂ ಇರುಳಿನ ಚಳಿಯೂ ನಮ್ಮ ಕೆಲಸಕ್ಕೆ ನೆರವಾಗುವುವು. ಲೆಕ್ಕವೂ ನೆನಪಿನಲ್ಲಿ ನಿಲ್ಲುವಂಥದು. ದೀಪಾವಳಿ ಕಳೆದ ಮೇಲೆ ನೀರನ್ನು ಕ್ರಮವಾಗಿ ಕಡಮೆ ಮಾಡಿ ನಿಲ್ಲಿಸುವುದು. ಸಂಕ್ರಾಂತಿಗೆ ಮತ್ತೆ ಕೊಡುವುದು. ಮಸಾರಿಯಲ್ಲಿ ನಾಲ್ಕರಿಂದ ಆರು ವಾರದ ಒಣಗು ಸಾಕು. ಎರೆಯಲ್ಲಿ ಎಂಟು ವಾರವಾದರೂ ಬೇಕಾದೀತು.

ಆಗ ಆಗುವುದನ್ನು ನೋಡಬೇಕು. ಮೊದಲು ಒಳಗಣ ಹಳೆಯ ಎಲೆಗಳು ಮಂಕಾಗುವುವು. ಕೆಲವು ದಿನಗಳಲ್ಲಿ ಹಳದಿ ಬಣ್ಣವು ಕೊಂಬೆಯ ಬುಡದಿಂದ ತುದಿಗೆ ಏರುವುದು. ಮಾರ್ಗಶಿರದ ಒಂದು ಬೆಳಗ್ಗೆ ಎದ್ದು ನೋಡಿದರೆ ಇಡಿಯ ಗಿಡವು ಅರಿಸಿನ ಹಚ್ಚಿಕೊಂಡಂತೆ ನಿಂತಿರುವುದು. ಜೂನ್‌ಬೆರಿಯ ಕೆಂಪು ಇದಕ್ಕಿಲ್ಲ, ನಿಜ. ಎಲೆಯಲ್ಲಿ ಕೆಂಪು ಬರಬೇಕಾದರೆ ಗಿಡವು ಹೊಸ ವರ್ಣದ್ರವ್ಯವನ್ನೇ ಮಾಡಬೇಕು. ದಾಳಿಂಬೆ ತನ್ನ ಕೆಂಪನ್ನೆಲ್ಲ ಹೂವಿಗೂ ಹಣ್ಣಿಗೂ ಕೂಡಿಡುವುದು. ಸುತ್ತಲೂ ಬೆಣಚುಕಲ್ಲಿನ ಬೋಳು ಗುಡ್ಡಗಳನ್ನು ನೋಡಿ ದಣಿದ ಕಣ್ಣಿಗೆ ಆ ಹೊಂಬಣ್ಣವೇ ಒಂದು ಹಬ್ಬ.

ಎಲೆಯ ಮುಕ್ಕಾಲಿಗಿಂತ ಹೆಚ್ಚು ಪಾಲು ಉದುರಿದ ಮೇಲೆ ಒಣಗಿದ ಕಡ್ಡಿಗಳನ್ನೂ ಒಂದಕ್ಕೊಂದು ಉಜ್ಜುವ ರೆಂಬೆಗಳನ್ನೂ ತೆಗೆದು, ಉಳಿದವುಗಳ ತುದಿಯನ್ನು ನಾಲ್ಕಾರು ಅಂಗುಲ ಕತ್ತರಿಸಬೇಕು. ಬುಡಕ್ಕೆ ಗೊಬ್ಬರ ಕೊಟ್ಟು, ಮೊದಲ ನೀರನ್ನು ಹಗುರವಾಗಿ, ಬರಬರುತ್ತ ಹೆಚ್ಚಾಗಿ ಹಾಯಿಸಬೇಕು. ಹಸಿದವನಿಗೆ ಒಮ್ಮೆಗೇ ಹೊಟ್ಟೆಬಿರಿಯೆ ಬಡಿಸಬಾರದಷ್ಟೆ. ತಾಮ್ರವರ್ಣದ ಚಿಗುರಿನ ಹಿಂದೆಯೇ, ಸುಮಾರು ಒಂದು ತಿಂಗಳಲ್ಲಿ, ಹೂ ಬರತೊಡಗುವುವು. ಅವುಗಳಲ್ಲಿ ಬುಡ ಸಣ್ಣದಾಗಿ ಗಂಟೆಯಂತಿರುವವು ಗಂಡುಹೂ. ಅವು ಉದುರಿದರೆ ಗಾಬರಿಪಡಬೇಕಾಗಿಲ್ಲ. ಬುಡ ಉಬ್ಬಿ ಹೂದಾನಿಯಂತಿರುವವೇ ಕಾಯಿ ಕಟ್ಟುವವು. ಮೂರು ವರ್ಷದ ಗಿಡದಲ್ಲಿ ಇಪ್ಪತ್ತು ಮೂವತ್ತಕ್ಕಿಂತ ಹೆಚ್ಚು ಕಾಯಿಗಳನ್ನು ಉಳಿಸಬಾರದು. ಕಾಯಿ ನಿಂತ ಮೇಲೆ ನೀರಿನಲ್ಲಿ ಏರುಪೇರಾಗಬಾರದು. ಹತ್ತು ದಿನ ಮರೆತು ಒಂದು ದಿನ ಕೊಡಗಟ್ಟಲೆ ಸುರಿದರೆ ಒಳಗಿನ ಕಾಳು ಉಬ್ಬಿ ಸಿಪ್ಪೆ ಬಿರಿಯುವುದು. ಒಂದು ಜಾತಿಯ ಚಿಟ್ಟೆ ಹೂವಿನ ಮೇಲೆಯೂ ಎಳೆಗಾಯಿಯ ಮೇಲೆಯೂ ಮೊಟ್ಟೆಯಿಡುವುದು. ಅದರ ಹುಳು ಕಾಯಿಯನ್ನು ಕೊರೆದು ಒಳಹೊಗುವುದು. ಕಾಯಿ ನಿಂಬೆಯಷ್ಟಾಗುತ್ತಲೇ ಕಾಗದದ ಇಲ್ಲವೆ ತೆಳುಬಟ್ಟೆಯ ಚೀಲವನ್ನು ಕಟ್ಟಿದರೆ ಔಷಧದ ಗೊಡವೆಯೇ ಇಲ್ಲದೆ ಅದನ್ನು ತಪ್ಪಿಸಬಹುದು. ಬಿಸಿಲಿನ ಹೊಡೆತಕ್ಕೂ ಆ ಚೀಲ ತಡೆ.

ಇಲ್ಲಿಯವರೆಗೆ ಹೇಳಿದ್ದು ಸಂತೋಷದ ವಿಷಯ. ಈಗ ಹೇಳಲಿರುವುದು ಈ ಜಿಲ್ಲೆ ಅನುಭವಿಸಿದ ನಷ್ಟದ ವಿಷಯ. ಇದನ್ನು ತಿಳಿಯದೆ ಇಲ್ಲಿ ಯಾರೂ ದಾಳಿಂಬೆಯನ್ನು ನೆಡಬಾರದು.

ಕಳೆದ ಶತಮಾನದ ಕೊನೆಯ ಭಾಗದಿಂದ ಕುಷ್ಟಗಿ, ಯಲಬುರ್ಗಾ, ಕೊಪ್ಪಳಗಳ ಒಣಭೂಮಿಯಲ್ಲಿ ಕೊಳವೆಬಾವಿಯ ನೀರನ್ನು ಹನಿಹನಿಯಾಗಿ ಕೊಟ್ಟು ದಾಳಿಂಬೆಯ ತೋಟಗಳನ್ನು ಎಬ್ಬಿಸಿದರು. ಜೋಳ, ಸಜ್ಜೆಗಳಿಂದ ಕಾಣದಷ್ಟು ಹಣವನ್ನು ಅನೇಕ ಕುಟುಂಬಗಳು ಅದರಿಂದ ಕಂಡವು. ಆಮೇಲೆ ದುಂಡಾಣು ಅಂಗಮಾರಿ ರೋಗ ಬಂದಿತು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು ೧೯೫೨ರಲ್ಲಿ, ದೆಹಲಿಯಲ್ಲಿ. ಬಹುಕಾಲ ಅಷ್ಟೇನೂ ಬಾಧಿಸದೆ ಇದ್ದು, ೨೦೦೦ದ ಈಚಿನ ವರ್ಷಗಳಲ್ಲಿ ಕರ್ನಾಟಕ, ಮಹಾರಾಷ್ಟ್ರಗಳ ತೋಟಗಳ ಮೇಲೆ ಮಾರಿಯಂತೆ ಎರಗಿತು. ಎಲೆಯಲ್ಲಿ ನೀರು ನೆನೆದಂತಹ ಚುಕ್ಕೆ, ಕಡ್ಡಿಯ ಗಿಣ್ಣಿನಲ್ಲಿ ಕಪ್ಪು ಗಾಯ, ಕಾಯಿಯ ಮೇಲೆ ಎಣ್ಣೆ ಸವರಿದಂತಹ ಕಲೆ, ಆ ಕಲೆಯ ನಡುವೆ ಸೀಳು. ಇವು ಅದರ ಲಕ್ಷಣಗಳು. ಮಾರಬೇಕಾದ ಫಸಲನ್ನು ತಿಪ್ಪೆಗೆ ಸುರಿದವರೂ, ಮಕ್ಕಳಂತೆ ಬೆಳೆಸಿದ ಗಿಡಗಳನ್ನು ಬೇರುಸಹಿತ ಕೀಳಿಸಿದವರೂ, ಸಾಲವನ್ನು ಹೊತ್ತು ಉಳಿದವರೂ ಈ ತಾಲ್ಲೂಕುಗಳಲ್ಲಿ ಉಂಟು. ದಾಳಿಂಬೆಗೆಂದೇ ರಾಷ್ಟ್ರೀಯ ಸಂಶೋಧನ ಕೇಂದ್ರವು ೨೦೦೫ರಲ್ಲಿ ಸೊಲ್ಲಾಪುರದಲ್ಲಿ ಸ್ಥಾಪಿತವಾಯಿತು. ರೋಗ ತಗಲಿದ ಮೇಲೆ ಪೂರ್ತಿಯಾಗಿ ವಾಸಿಮಾಡುವ ಔಷಧ ಈವರೆಗೂ ಇಲ್ಲ; ಇರುವುದೆಲ್ಲ ತಡೆಯುವ ಉಪಾಯ.

ಈ ರೋಗ ಹಬ್ಬುವ ದಾರಿಗಳು ಮೂರು. ರೋಗವುಳ್ಳ ಗಿಡದಿಂದ ತೆಗೆದ ಕಡ್ಡಿಯ ಸಸಿ ಒಂದು. ಗಿಡದಿಂದ ಗಿಡಕ್ಕೆ ಹೋಗುವ ಕತ್ತರಿ ಎರಡು. ಗಾಳಿಯೊಡನೆ ಸಿಡಿಯುವ ಮಳೆಯ ಹನಿ ಮೂರು. ಹೀಗಿರಲಾಗಿ ಪಟ್ಟಣದ ಹಿತ್ತಲಲ್ಲಿರುವ ಒಂದು ಗಿಡವು ಆ ಮನೆಯವರಿಗೆ ಮಾತ್ರ ಸೇರಿದ್ದಲ್ಲ. ಕುಷ್ಟಗಿಯಲ್ಲಾಗಲಿ ಯಲಬುರ್ಗಾದಲ್ಲಾಗಲಿ ಊರ ಅಂಚಿನ ಮನೆಗೂ ಮುಂದಿನ ತೋಟಕ್ಕೂ ಎಷ್ಟೋ ಕಡೆ ಒಂದು ಬೇಲಿಯಷ್ಟೇ ಅಂತರ. ನಮಗೆ ಹವ್ಯಾಸವಾಗಿರುವುದು ಆ ತೋಟದವನಿಗೆ ಜೀವನ. ಅವನು ಔಷಧಕ್ಕೂ ಆಳಿಗೂ ಹಣ ಸುರಿದು ಕಾಪಾಡಿದ ತೋಟಕ್ಕೆ ನಮ್ಮ ಅಸಡ್ಡೆಯ ಗಿಡದಿಂದ ರೋಗ ಹೋಗುವುದೆಂದರೆ ಅದು ನೆರೆಹೊರೆಯ ಧರ್ಮವಲ್ಲ.

ಮಾಡಬೇಕಾದುದು ಹೆಚ್ಚಿಲ್ಲ. ಸಸಿಯನ್ನು ನಂಬುಗೆಯ ಕಡೆಯಿಂದ ತರಬೇಕು. ನೆಂಟರ ಮನೆಯ ಕಡ್ಡಿಯನ್ನು ನೆಡುವ ಮುನ್ನ ಆ ಗಿಡದ ಎಲೆಯನ್ನೂ ಕಾಯಿಯನ್ನೂ ನೋಡಬೇಕು. ಪ್ರತಿ ಗಿಡಕ್ಕೂ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಬೇಕು. ಕತ್ತರಿಸಿದ ನಂತರ ಒಂದು ಲೀಟರು ನೀರಿಗೆ ಹತ್ತು ಗ್ರಾಂ ಮೈಲುತುತ್ತ, ಹತ್ತು ಗ್ರಾಂ ಸುಣ್ಣದ ಲೆಕ್ಕದಲ್ಲಿ ಬೋರ್ಡೊ ದ್ರಾವಣವನ್ನು ಮಾಡಿ, ಅಂದೇ ಸಿಂಪಡಿಸಬೇಕು. ಈ ದ್ರಾವಣಕ್ಕೆ ಕಬ್ಬಿಣದ ಪಾತ್ರೆ ಸಲ್ಲದು. ರೋಗದ ಕಲೆ ಕಂಡ ಎಲೆ, ಕಾಯಿ, ಕಡ್ಡಿಗಳನ್ನು ಕಿತ್ತು ಸುಡಬೇಕು, ಬೇಲಿಯಾಚೆಗೆ ಎಸೆಯಬಾರದು. ನಾವು ಅಷ್ಟು ಮೆಚ್ಚಿದ ಹೊಂಬಣ್ಣದ ಎಲೆಯ ಹಾಸನ್ನೂ, ಗಿಡದಲ್ಲಿ ರೋಗದ ಶಂಕೆಯಿದ್ದರೆ, ಗುಡಿಸಿ ಸುಡಬೇಕು. ಸಂದೇಹ ಬಂದಲ್ಲಿ ಎಲೆಯೊಂದನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು ತೋಟಗಾರಿಕೆ ಇಲಾಖೆಯವರಿಗೋ ಮುನಿರಾಬಾದಿನ ತೋಟಗಾರಿಕೆ ಕಾಲೇಜಿನವರಿಗೋ ತೋರಿಸಬಹುದು.

ಇವೆಲ್ಲಕ್ಕಿಂತ ಮಿಗಿಲಾದ ಕಾಪು ಮೊದಲು ಹೇಳಿದ ವಿಶ್ರಾಂತಿಯೇ. ಫಸಲು ಕೊಯ್ದ ಮೇಲೆ ಗಿಡಕ್ಕೆ ಮೂರು ನಾಲ್ಕು ತಿಂಗಳ ಬಿಡುವು ಕೊಡಬೇಕೆಂದು ಶಾಸ್ತ್ರಜ್ಞರು ತೋಟಗಾರರಿಗೆ ಹೇಳುತ್ತಿರುವರು. ಬೆಲೆ ಏರಿದ ವರ್ಷಗಳಲ್ಲಿ ಬಹಾರಿನ ಮೇಲೆ ಬಹಾರು ಹಿಡಿದ ಗಿಡಗಳು ಬಲಗುಂದಿ, ರೋಗ ಬಂದಾಗ ತಾಳಲಾರದೆ ಹೋದವು. ಸಾಲಗಾರನ ಒತ್ತಾಯದಲ್ಲಿರುವ ರೈತನು ಹಾಗೆ ಮಾಡಿದರೆ ಅವನನ್ನು ಹಳಿಯುವ ಅಧಿಕಾರ ನಮಗಿಲ್ಲ. ಒಂದು ಗಿಡದ ಹಣ್ಣನ್ನು ಮಾರಿ ಬದುಕಬೇಕಾಗಿಲ್ಲದ ಪಟ್ಟಣಿಗರಿಗೆ ಮಾತ್ರ ಆ ನೆವವೂ ಇಲ್ಲ.

ಜುಲೈ ಹೊತ್ತಿಗೆ ಹಣ್ಣಿನ ಮೈ ಗುಂಡಗಿದ್ದುದು ತುಸು ಮೂಲೆಮೂಲೆಯಾಗಿ, ಕಿರೀಟದ ತುದಿ ಒಳಕ್ಕೆ ಬಾಗಿ, ಬೆರಳಿನಿಂದ ತಟ್ಟಿದರೆ ಲೋಹದಂತಹ ಸದ್ದು ಬಂದಾಗ ಕೊಯ್ಯಬಹುದು. ಎಳೆಯದೆ ಕತ್ತರಿಯಿಂದ ತೊಟ್ಟನ್ನು ಕತ್ತರಿಸಬೇಕು. ಒಂದು ಹಣ್ಣನ್ನು ಬೇಲಿಯಾಚೆಯ ತೋಟದವನಿಗೂ ಕೊಟ್ಟು, ನಮ್ಮ ಗಿಡವನ್ನು ಒಮ್ಮೆ ನೋಡಿಹೋಗೆಂದು ಕರೆಯುವುದು ಒಳ್ಳೆಯದು. ಅವನ ಕಣ್ಣಿಗೆ ಕಾಣುವ ಚುಕ್ಕೆ ನಮ್ಮ ಕಣ್ಣಿಗೆ ಕಾಣದಿರಬಹುದು. ಆಮೇಲೆ ಮತ್ತೆ ದೀಪಾವಳಿ ಬರುವುದು. ನೀರಿನ ಕೊಡವನ್ನು ಬದಿಗಿಟ್ಟು, ಎಲೆ ಹಳದಿಯಾಗುವುದನ್ನು ನೋಡುತ್ತ ಸುಮ್ಮನಿರುವ ಕಾಲವದು. ಗಿಡದ ಆರೈಕೆಯಲ್ಲಿ ಆ ಸುಮ್ಮನಿರುವುದೂ ಒಂದು ಕೆಲಸವೆಂದು ತಿಳಿಸಿ ಈ ಮಾತನ್ನು ಮುಗಿಸುವೆವು.